ಸಿಬಿಲ್ಲಾ ಮಾಸ್ಟರ್ಸ್

ಅಮೆರಿಕೆಯು ಆಂಗ್ಲರ ಅಧೀನದಲ್ಲಿದ್ದ ಕಾಲದಲ್ಲಿ ಫಿಲಡೆಲ್ಫಿಯಾ ಪಟ್ಟಣದಲ್ಲಿದ್ದ ಗೃಹಿಣಿ ಸಿಬಿಲ್ಲಾ. ಮುಸುಕಿನ ಜೋಳವನ್ನು ಬೀಸದೆ, ಒನಕೆಯಂತೆ ಕುಟ್ಟಿ ಹಸನುಗೊಳಿಸುವ ಯಂತ್ರವನ್ನು ಆಕೆ ಕಲ್ಪಿಸಿದಳು. ವಸಾಹತಿನವರ ಬುದ್ಧಿಗೂ ಲಂಡನ್ನಿನ ಮುದ್ರೆ ಬೇಕಾಗಿದ್ದಿತಷ್ಟೆ! 1712ರಲ್ಲಿ ಮಕ್ಕಳನ್ನಗಲಿ ಕಡಲು ದಾಟಿದಳು. ಮೂರು ವರ್ಷ ಕಾದಳು. 1715ರ ನವೆಂಬರ್ 25ರಂದು ಒಂದನೆಯ ಜಾರ್ಜ್ ದೊರೆಯ ಸನ್ನದು ಲಭಿಸಿತು. ಆಕೆಗಲ್ಲ, ಒಮ್ಮೆ ಆ ಪಟ್ಟಣದ ಮೇಯರನಾಗಿದ್ದ ಪತಿ ಥಾಮಸನಿಗೆ. ಯುಕ್ತಿಯು ಪತ್ನಿಯದೆಂದು ಅದರಲ್ಲಿಯೇ ಒಪ್ಪಿದ್ದರೂ ಹಕ್ಕು ಗಂಡನದು. ವಿವಾಹಿತೆಗೆ ಸ್ವತಂತ್ರ ಸ್ವತ್ತಿಲ್ಲವೆಂಬುದು ಅಂದಿನ ಆಂಗ್ಲ ನ್ಯಾಯ. ಮರುವರ್ಷ ಹುಲ್ಲು, ತಾಳೆಗರಿಗಳ ಟೋಪಿ ಹೆಣೆಯುವ ಕ್ರಮಕ್ಕೆ ಎರಡನೆಯ ಸನ್ನದು, ಅದೂ ಅವನ ಹೆಸರಿನಲ್ಲಿ. ಲಂಡನ್ನಿನಲ್ಲಿ ಅಂಗಡಿಯಿಟ್ಟು ಟೋಪಿಗಳನ್ನು ಮಾರಿದವಳು ಮಾತ್ರ ಆಕೆಯೇ. ಆಕೆಯ ಜೋಳದ ಹಿಟ್ಟು ಆಂಗ್ಲರಿಗೆ ರುಚಿಸಲಿಲ್ಲ. 1716ರಲ್ಲಿ ಊರಿಗೆ ಮರಳಿ, 1720ರಲ್ಲಿ ಕಾಲವಶಳಾದಳು.