ಹಿಂದೆಗೆಯುವುದೂ ಒಂದು ಯುದ್ಧಕಲೆ: ಶಿರಾ-ಮಧುಗಿರಿ ಸೀಮೆಯಲ್ಲಿ ಹೈದರ್ ಅಲಿ ಕಲಿತ ಪಾಠ

ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ತುಮಕೂರನ್ನು ದಾಟಿದ ಮೇಲೆ ಸಿಗುವ ಶಿರಾ ಇಂದು ಅನೇಕ ಪ್ರಯಾಣಿಕರ ಪಾಲಿಗೆ ದಾರಿಯ ನಡುವಿನ ಒಂದು ಊರು ಮಾತ್ರ. ಅದರ ಪೂರ್ವಕ್ಕೆ ಮಧುಗಿರಿ, ಆಗ್ನೇಯಕ್ಕೆ ಕೊರಟಗೆರೆ, ಈಶಾನ್ಯಕ್ಕೆ ಪಾವಗಡ. ಮಳೆ ಕಡಿಮೆಯಾದ, ಬಂಡೆಗಲ್ಲಿನ ಬೆಟ್ಟಗಳಿಂದ ತುಂಬಿದ ಈ ಸೀಮೆ ಹದಿನೆಂಟನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಉತ್ತರದ ಹೆಬ್ಬಾಗಿಲಾಗಿತ್ತು. ಮರಾಠರ ದಂಡು ಮೈಸೂರಿಗೆ ಇಳಿಯಬೇಕಾದರೆ ಇಲ್ಲಿಯ ಕೋಟೆಗಳನ್ನು ಗೆಲ್ಲಬೇಕಿತ್ತು ಅಥವಾ ಬಳಸಿ ಹೋಗಬೇಕಿತ್ತು. ಹೈದರ್ ಅಲಿ ಎಂಬ ಸೇನಾನಿ ರೂಪುಗೊಂಡ ಬಗೆಯನ್ನು ತಿಳಿಯಬೇಕಾದರೆ ಆತನ ಗೆಲುವುಗಳಿಗಿಂತ ಮೊದಲು ಈ ಹೆಬ್ಬಾಗಿಲಲ್ಲಿ ಆತ ಕಂಡ ಸೋಲನ್ನು ನೋಡಬೇಕು.

ಶಿರಾದೊಂದಿಗೆ ಆತನ ನಂಟು ಹುಟ್ಟಿನಿಂದಲೇ ಬಂದದ್ದು. 1687ರಲ್ಲಿ ಮೊಘಲರು ಶಿರಾವನ್ನು ತಮ್ಮ ಹೊಸ ಸುಬಾದ ರಾಜಧಾನಿಯನ್ನಾಗಿ ಮಾಡಿಕೊಂಡರು. ಹೈದರನ ತಂದೆ ಫತೇ ಮಹಮ್ಮದ್ ಅಲ್ಲಿಯ ನವಾಬರ ಸೇವೆಯಲ್ಲಿದ್ದವನು. 1720ರ ಆಸುಪಾಸಿನಲ್ಲಿ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹೈದರ್ ಜನಿಸಿದ. ಆತ ಇನ್ನೂ ಬಾಲಕನಾಗಿದ್ದಾಗಲೇ ನವಾಬಗಿರಿಯ ಕಲಹವೊಂದರಲ್ಲಿ ತಂದೆ ಮಡಿದ. ದೊಡ್ಡಬಳ್ಳಾಪುರದ ಅಧಿಕಾರಿ ಅಬ್ಬಾಸ್ ಕುಲಿ ಖಾನ್, ಸತ್ತವನ ಲೆಕ್ಕದ ಬಾಕಿಯ ನೆಪದಲ್ಲಿ ಕುಟುಂಬದ ಆಸ್ತಿಯನ್ನೆಲ್ಲ ಕಸಿದುಕೊಂಡು, ಅಣ್ಣ ಶಹಬಾಜ್ ಮತ್ತು ಹೈದರ್ ಇಬ್ಬರನ್ನೂ ಹಿಂಸೆಗೆ ಗುರಿಪಡಿಸಿದ. ಅನಾಥ ಕುಟುಂಬ ಕೊನೆಗೆ ಮೈಸೂರು ಸಂಸ್ಥಾನದ ಆಶ್ರಯ ಸೇರಿತು.

ಹೈದರ್ ಓದು ಬರಹ ಕಲಿಯಲಿಲ್ಲ. ಆದರೆ ಕನ್ನಡವೂ ಸೇರಿದಂತೆ ಐದು ಭಾಷೆಗಳನ್ನು ಸರಾಗವಾಗಿ ಮಾತನಾಡುತ್ತಿದ್ದ. ಆತನ ನೆನಪಿನ ಶಕ್ತಿ ಅಸಾಧಾರಣವಾಗಿತ್ತು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ದಳವಾಯಿ ನಂಜರಾಜನ ಕಣ್ಣಿಗೆ ಬಿದ್ದ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ ನೇಮಕಗೊಂಡು, ಅಲ್ಲಿ ಫ್ರೆಂಚ್ ಕುಶಲಕರ್ಮಿಗಳ ನೆರವಿನಿಂದ ಮದ್ದುಗುಂಡಿನ ಕಾರ್ಯಾಗಾರ ಕಟ್ಟಿದ. ಕಾಲಾಳುಗಳಿಗೆ ಐರೋಪ್ಯ ಮಾದರಿಯ ಕವಾಯತು, ಕುದುರೆ ಸವಾರರಿಗೆ ದೂರದ ದಾರಿಯನ್ನು ಬೇಗ ಕ್ರಮಿಸುವ ಅಭ್ಯಾಸ: ಇವೆರಡನ್ನು ಒಂದೇ ದಂಡಿನಲ್ಲಿ ಬೆಸೆದದ್ದು ಆತನ ಹೆಚ್ಚುಗಾರಿಕೆ. 1761ರ ಹೊತ್ತಿಗೆ ಮೈಸೂರಿನ ನಿಜವಾದ ಅಧಿಕಾರ ಆತನ ಕೈಯಲ್ಲಿತ್ತು. ಅದೇ ವರ್ಷ ನಿಜಾಮನ ಸೋದರ ಬಸಾಲತ್ ಜಂಗನೊಡನೆ ಕೂಡಿ ಶಿರಾವನ್ನು ವಶಪಡಿಸಿಕೊಂಡು, ಅವನಿಂದ ಶಿರಾದ ನವಾಬನೆಂಬ ಬಿರುದು ಪಡೆದ. ತಂದೆ ಚಾಕರಿ ಮಾಡಿದ ಊರಿಗೆ ಮಗ ಒಡೆಯನಾದ. ದೊಡ್ಡಬಳ್ಳಾಪುರವನ್ನೂ ಗೆದ್ದುಕೊಂಡ, ಅಬ್ಬಾಸ್ ಕುಲಿ ಖಾನ್ ಮದರಾಸಿಗೆ ಓಡಿಹೋಗಿದ್ದ.

ಸುತ್ತಲಿನ ಪಾಳೆಯಗಾರರು ಒಬ್ಬೊಬ್ಬರಾಗಿ ಮಣಿದರು. ಮಧುಗಿರಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1678ರಲ್ಲೇ ಮೈಸೂರಿಗೆ ಸೇರಿತ್ತು. ಅಲ್ಲಿಯ ಏಕಶಿಲಾ ಬೆಟ್ಟದ ಕೋಟೆಯನ್ನು ಹೈದರ್ ಬಲಪಡಿಸಿದ. 1763ರಲ್ಲಿ ಬಿದನೂರು ಗೆದ್ದಾಗ ಸೆರೆಹಿಡಿದ ಕೆಳದಿಯ ರಾಣಿ ವೀರಮ್ಮಾಜಿ ಮತ್ತು ಅವರ ದತ್ತುಪುತ್ರನನ್ನು ಇದೇ ಬೆಟ್ಟದ ಮೇಲೆ ಬಂಧನದಲ್ಲಿಟ್ಟ. ಮಧುಗಿರಿಯಷ್ಟು ಭದ್ರವಾದ ಸೆರೆಮನೆ ಮತ್ತೊಂದಿಲ್ಲ ಎಂಬ ನಂಬಿಕೆ ಆತನಿಗಿದ್ದಿರಬೇಕು.

ಆ ನಂಬಿಕೆಯನ್ನು ಅಲುಗಾಡಿಸಿದವನು ಇಪ್ಪತ್ತರ ಹರೆಯದ ಪೇಶ್ವೆ ಮಾಧವರಾವ್. 1764ರಲ್ಲಿ ರಟ್ಟಿಹಳ್ಳಿಯ ಬಯಲಿನಲ್ಲಿ ಆತ ಹೈದರನ ದಂಡನ್ನು ನುಚ್ಚುನೂರು ಮಾಡಿದ. ಬಯಲು ಯುದ್ಧದಲ್ಲಿ ಮರಾಠರ ಅಶ್ವದಳಕ್ಕೆ ಎದುರು ನಿಲ್ಲುವುದು ತನಗೆ ಸಾಧ್ಯವಿಲ್ಲವೆಂದು ಹೈದರನಿಗೆ ಅಂದು ಮನವರಿಕೆಯಾಯಿತು. 1767ರಲ್ಲಿ ಮಾಧವರಾವ್ ಮತ್ತೆ ದಂಡೆತ್ತಿ ಬಂದಾಗ ಹೈದರ್ ಯುದ್ಧಕ್ಕೆ ಎದುರಾಗಲಿಲ್ಲ. ಕೆರೆಗಳ ಏರಿ ಒಡೆಯಲು, ಬಾವಿಗಳಿಗೆ ಕಳ್ಳಿಯ ಹಾಲು ಬೆರೆಸಲು, ಮೇವನ್ನು ಸುಡಲು, ಧಾನ್ಯವನ್ನು ನೆಲದಲ್ಲಿ ಹೂಳಲು, ಜನರನ್ನು ಕಾಡಿನತ್ತ ಕಳುಹಿಸಲು ಅಪ್ಪಣೆ ಮಾಡಿದ. ಶತ್ರುವಿಗೆ ನೀರು, ಹುಲ್ಲು, ಅನ್ನ ಸಿಗದಂತೆ ಮಾಡಿ ಅವನನ್ನು ಹಿಂದಿರುಗಿಸುವುದು ಉದ್ದೇಶ. ದಂಡು ಬರುವ ಸುದ್ದಿ ಕೇಳಿ ಊರಿಗೆ ಊರೇ ಗುಳೆ ಹೊರಡುವ ಈ ಪದ್ಧತಿಯನ್ನು ವಿವರಿಸಲು ಇಂಗ್ಲಿಷ್ ಇತಿಹಾಸಕಾರ ವಿಲ್ಕ್ಸ್ ವಲಸೆ ಎಂಬ ನಮ್ಮ ಪದವನ್ನೇ ಎರವಲು ಪಡೆದಿದ್ದಾನೆ.

ಆದರೆ ಮಾಧವರಾವ್ ನಿರೀಕ್ಷೆಗೂ ಮೀರಿದ ವೇಗದಿಂದ ಬಂದ. ಶಿರಾವನ್ನು ಕಾಯುತ್ತಿದ್ದ ಹೈದರನ ಭಾವಮೈದುನ ಮೀರ್ ಅಲಿ ರಜಾ ಖಾನ್ ಕೋಟೆಯನ್ನು ಒಪ್ಪಿಸಿ ಮರಾಠರ ಪಕ್ಷ ಸೇರಿದ. ಮಧುಗಿರಿಯೂ ಬಿದ್ದಿತು. ವೀರಮ್ಮಾಜಿಗೆ ಬಿಡುಗಡೆ ದೊರೆಯಿತಾದರೂ ಪುಣೆಯ ದಾರಿಯಲ್ಲೇ ಅವರು ತೀರಿಕೊಂಡರು. ಹೈದರ್ ಹಣ ತೆತ್ತು ಸಂಧಿ ಮಾಡಿಕೊಳ್ಳಬೇಕಾಯಿತು. ಶಿರಾ ಮರಾಠರಲ್ಲೇ ಉಳಿಯಿತು. ನೆಲವನ್ನು ಬರಿದು ಮಾಡಿದರಷ್ಟೇ ಸಾಲದು, ಕೋಟೆ ಕಾಯುವವನ ನಿಷ್ಠೆ ಮತ್ತು ತನ್ನ ದಂಡಿನ ವೇಗ ಎರಡೂ ಬೇಕು ಎಂಬುದು ಈ ಸೋಲಿನ ಪಾಠ.

ಆ ಪಾಠದ ಫಲ ಎರಡೇ ವರ್ಷಗಳಲ್ಲಿ ಕಂಡಿತು. ಅಮೆರಿಕದ ಫುಟ್‌ಬಾಲಿನಲ್ಲಿ ತರಬೇತುದಾರರು ರಕ್ಷಣಾ ಆಟಗಾರರಿಗೆ ಒಂದು ಓಟವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಚೆಂಡು ಹಿಡಿದವನ ಬೆನ್ನ ಹಿಂದೆ ಓಡದೆ, ಅವನು ತಲುಪಲಿರುವ ಜಾಗಕ್ಕೆ ಓರೆಯಾಗಿ ಓಡಿ ಅಡ್ಡಗಟ್ಟುವುದೇ ಅದು. ಹೈದರ್ 1769ರಲ್ಲಿ ಮಾಡಿದ್ದೂ ಹೆಚ್ಚು ಕಡಿಮೆ ಅದನ್ನೇ. ಇಂಗ್ಲಿಷರ ಮುಖ್ಯ ಸೇನೆಯನ್ನು ದೂರಕ್ಕೆ ಸೆಳೆದು, ತನ್ನ ಫಿರಂಗಿ, ಕಾಲಾಳು, ಸಾಮಾನು ಸರಂಜಾಮುಗಳನ್ನು ಬೇರೆಡೆಗೆ ಕಳುಹಿಸಿ, ಆರು ಸಾವಿರ ಕುದುರೆಗಳೊಂದಿಗೆ ಮೂರೂವರೆ ದಿನಗಳಲ್ಲಿ ಸುಮಾರು 130 ಮೈಲಿ ಕ್ರಮಿಸಿ ಮದರಾಸಿನ ಬಾಗಿಲಲ್ಲಿ ನಿಂತ. ಸೇನೆ ಎಲ್ಲೋ ಇತ್ತು, ರಾಜಧಾನಿ ಬರಿದಾಗಿತ್ತು. ಕಂಪನಿ ಸರ್ಕಾರ ಆತನ ಮಾತಿನಂತೆ ಸಂಧಿಗೆ ಸಹಿ ಹಾಕಿತು.

ಬೆನ್ನಟ್ಟುವಿಕೆಯ ಬೆಲೆ ಆತನಿಗೆ ತಿಳಿದದ್ದು ತಾನೇ ಬೇಟೆಯಾದಾಗ. 1771ರಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ರಾತ್ರಿ ಹಿಂದೆಗೆಯುತ್ತಿದ್ದ ದಂಡು ಚಿನಕುರಳಿಯ ಬಳಿ ಮರಾಠರ ಕೈಗೆ ಸಿಕ್ಕಿ ಚದುರಿಹೋಯಿತು. ಹೈದರ್ ಜೀವ ಉಳಿಸಿಕೊಂಡು ರಾಜಧಾನಿ ಸೇರಿದ. ಗೆದ್ದ ಮರಾಠರು ಅಂದೇ ಬೆನ್ನಟ್ಟಿದ್ದರೆ ಶ್ರೀರಂಗಪಟ್ಟಣ ಉಳಿಯುತ್ತಿತ್ತೋ ಇಲ್ಲವೋ. ಅವರು ಲೂಟಿಯಲ್ಲಿ ಮೈಮರೆತು ದಿನಗಳನ್ನು ಕಳೆದರು. ಅಷ್ಟರಲ್ಲಿ ಹೈದರ್ ಕೋಟೆಯ ರಕ್ಷಣೆಯನ್ನು ಸಜ್ಜುಗೊಳಿಸಿಕೊಂಡ. 1772ರಲ್ಲಿ ಮಾಧವರಾವ್ ತೀರಿಕೊಂಡ ಮೇಲೆ ಪುಣೆಯಲ್ಲಿ ಕಲಹ ಆರಂಭವಾಯಿತು. ಆ ಸಂದರ್ಭದಲ್ಲಿ ಟಿಪ್ಪು 1774ರ ಹೊತ್ತಿಗೆ ಶಿರಾವನ್ನು ತಂದೆಗೆ ಮರಳಿ ಗೆದ್ದುಕೊಟ್ಟ.

ಇಷ್ಟೆಲ್ಲ ತಿಳಿದಿದ್ದ ಹೈದರ್ ಕೊನೆಯಲ್ಲಿ ಅದೇ ತಪ್ಪನ್ನು ಮಾಡಿದನೆಂಬುದು ವಿಪರ್ಯಾಸ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ತಂದೆ-ಮಗ ಸೇರಿ ಕರ್ನಲ್ ಬೈಲಿಯ ಪಡೆಯನ್ನು ಅಡ್ಡಗಟ್ಟಿ ನಾಶಮಾಡಿದರು. ಭಾರತದಲ್ಲಿ ಇಂಗ್ಲಿಷರಿಗೆ ಅಲ್ಲಿಯವರೆಗೆ ಅಂತಹ ಸೋಲು ಆಗಿರಲಿಲ್ಲ. ಕೆಲವೇ ಮೈಲಿ ದೂರದಲ್ಲಿದ್ದ ಹೆಕ್ಟರ್ ಮನ್ರೋ ದೊಡ್ಡ ಫಿರಂಗಿಗಳನ್ನು ಕಂಚಿಯ ಕಲ್ಯಾಣಿಗೆ ಎಸೆದು ಮದರಾಸಿನತ್ತ ಓಡಿದ. ಹೈದರ್ ತನ್ನ ಪೂರ್ಣ ಬಲದಿಂದ ಆತನನ್ನು ಬೆನ್ನಟ್ಟಲಿಲ್ಲ. ಆರ್ಕಾಟಿನ ಮುತ್ತಿಗೆಗೆ ಮರಳಿದ. ಆ ಬಿಡುವಿನಲ್ಲಿ ಬಂಗಾಳದಿಂದ ಐರ್ ಕೂಟ್ ಹೊಸ ಸೇನೆಯೊಂದಿಗೆ ಬಂದ. 1781ರ ಜುಲೈನಲ್ಲಿ ಪೋರ್ಟೋ ನೋವೋದಲ್ಲಿ ಹೈದರ್ ಸೋತ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಶಿಬಿರದಲ್ಲಿ, ಯುದ್ಧ ಮುಗಿಯುವ ಮೊದಲೇ, ಕೊನೆಯುಸಿರೆಳೆದ.

ಹೈದರನ ಯುದ್ಧಕಲೆಯನ್ನು ಮೆಚ್ಚುವವರು ಅದರ ಲೆಕ್ಕವನ್ನು ತೆತ್ತವರು ಯಾರೆಂಬುದನ್ನು ಮರೆಯಬಾರದು. ಬಯಲುಸೀಮೆಯಲ್ಲಿ ಒಂದು ಕೆರೆಯ ಏರಿ ಕಟ್ಟಲು ತಲೆಮಾರುಗಳು ಬೇಕು, ಒಡೆಯಲು ಒಂದು ರಾತ್ರಿ ಸಾಕು. ದಂಡು ಹಿಂದಿರುಗಿದ ಮೇಲೂ ಬೇಸಾಯಗಾರನಿಗೆ ನೀರು ಹಿಂದಿರುಗುವುದಿಲ್ಲ. 1757ರಿಂದ 1774ರವರೆಗೆ ಶಿರಾ ಐದು ಬಾರಿ ಕೈ ಬದಲಾಯಿಸಿತು. ಅಲ್ಲಿ ಉಳಿದಿದ್ದವರಲ್ಲೂ ಹನ್ನೆರಡು ಸಾವಿರ ಕುಟುಂಬಗಳನ್ನು ಟಿಪ್ಪು ಮುಂದೆ ಶ್ರೀರಂಗಪಟ್ಟಣದ ಗಂಜಾಂಗೆ ಬಲವಂತವಾಗಿ ಸಾಗಿಸಿದನೆಂದು ಮೈಸೂರಿನ ಗೆಜೆಟಿಯರ್ ದಾಖಲಿಸಿದೆ. ಸುಬಾದ ರಾಜಧಾನಿಯಾಗಿದ್ದ ಶಿರಾ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. ಮಧುಗಿರಿಯ ಬೆಟ್ಟ ಹತ್ತಿ ಕೋಟೆಯ ಭದ್ರತೆಗೆ ಬೆರಗಾಗುವವರು ಕೆಳಗಿನ ಕೆರೆ ಬಯಲುಗಳತ್ತಲೂ ಒಮ್ಮೆ ಕಣ್ಣು ಹಾಯಿಸುವುದು ಒಳಿತು. ಹೈದರನ ಕಾಲದ ಯುದ್ಧಗಳು ಅಲ್ಲಿಯೂ ನಡೆದಿವೆ.