ಜಾನ್ ಬ್ಯಾಕಸ್
ಜಾನ್ ವಾರ್ನರ್ ಬ್ಯಾಕಸ್ (3 ಡಿಸೆಂಬರ್ 1924 – 17 ಮಾರ್ಚ್ 2007) ಅಮೆರಿಕದ ಗಣಕ ವಿಜ್ಞಾನಿ. ಫೋರ್ಟ್ರಾನ್ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದ ಐಬಿಎಂ ತಂಡದ ನಾಯಕರಾಗಿದ್ದರು. ಇವರು ಜನಿಸಿದ್ದು ಫಿಲಡೆಲ್ಫಿಯಾದಲ್ಲಿ.

1957ರಲ್ಲಿ ಬಿಡುಗಡೆಯಾದ ಫೋರ್ಟ್ರಾನ್, ಯಂತ್ರಸಂಕೇತಗಳ ಬದಲು ಬೀಜಗಣಿತದ ಸೂತ್ರಗಳನ್ನು ಹೋಲುವ ಬರವಣಿಗೆಗೆ ಅವಕಾಶ ನೀಡಿ, ಪ್ರೋಗ್ರಾಮುಗಳ ಓದನ್ನು ಸುಲಭಗೊಳಿಸಿತು. ಆದರೆ 1977ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಬ್ಯಾಕಸ್ ಅವರು ಫೋರ್ಟ್ರಾನ್ ಅನುಸರಿಸಿದ ಇಂಪೆರೇಟಿವ್ ಶೈಲಿಯನ್ನೇ ಟೀಕಿಸಿದರು. ಈ ಶೈಲಿಯಲ್ಲಿ ಚರಾಕ್ಷರಗಳ ಬೆಲೆ ಹಂತಹಂತವಾಗಿ ಬದಲಾಗುವುದರಿಂದ, ಪ್ರೋಗ್ರಾಮನ್ನು ಓದುವವರು ಆ ಬದಲಾವಣೆಗಳನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಇದಕ್ಕೆ ಪರ್ಯಾಯವಾಗಿ, ಚಿಕ್ಕ ಫಂಕ್ಷನ್‌ಗಳನ್ನು ಜೋಡಿಸಿ ದೊಡ್ಡ ಪ್ರೋಗ್ರಾಮನ್ನು ಕಟ್ಟುವ ಎಫ್‌ಪಿ ಎಂಬ ಫಂಕ್ಷನಲ್ ಭಾಷೆಯನ್ನು ಅವರು ಮುಂದಿಟ್ಟರು.

ಎಫ್‌ಪಿ ವ್ಯಾಪಕ ಬಳಕೆಗೆ ಬರಲಿಲ್ಲ. ಆದರೂ ಆ ಉಪನ್ಯಾಸವು ಫಂಕ್ಷನಲ್ ಪ್ರೋಗ್ರಾಮಿಂಗ್ ಕುರಿತ ಸಂಶೋಧನೆಗೆ ಹೊಸ ಚಾಲನೆ ನೀಡಿತು. ಬ್ಯಾಕಸ್ ಅವರು ಓರೆಗಾನ್ ರಾಜ್ಯದ ಆಶ್‌ಲ್ಯಾಂಡ್‌ನಲ್ಲಿ ನಿಧನರಾದರು.