ಕ್ರಾಂತಿರಂಗದಿಂದ ಮಂಡಲ ಪಂಚಾಯಿತಿಗೆ: ಅಬ್ದುಲ್ ನಜೀರ್ ಸಾಬ್

ಕರ್ನಾಟಕ ಕ್ರಾಂತಿರಂಗದ ಚರಿತ್ರೆಯನ್ನು ಸಾಮಾನ್ಯವಾಗಿ ಎಸ್. ಬಂಗಾರಪ್ಪನವರ ಕೈತಪ್ಪಿದ ಮುಖ್ಯಮಂತ್ರಿ ಪದವಿಯ ಕಥೆಯಾಗಿ ಓದಲಾಗುತ್ತದೆ. ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಈ ಓದಿನಲ್ಲಿ ಬದಿಗೆ ಸರಿದುಬಿಡುತ್ತಾರೆ.

ನಜೀರ್ ಸಾಬ್ ದೇವರಾಜ ಅರಸು ಅವರ ಬಳಗದಲ್ಲಿ ರೂಪುಗೊಂಡವರು. 1979ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾದ ಅರಸು ಕಾಂಗ್ರೆಸ್ಸಿಗೆ 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಒಂದೂ ದಕ್ಕಲಿಲ್ಲ. 27 ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಶಾಸಕರು ಗುಂಪುಗುಂಪಾಗಿ ಗೆದ್ದ ಪಕ್ಷದತ್ತ ನಡೆದರು. ಅಳಿದುಳಿದವರನ್ನು ಕೂಡಿಸಿ ಅರಸು ಕಟ್ಟಿದ ಕ್ರಾಂತಿರಂಗ ಬೇರೂರುವ ಮುನ್ನವೇ, 1982ರ ಜೂನ್ 6ರಂದು, ಅವರು ತೀರಿಕೊಂಡರು. ನಾಯಕನನ್ನು ಕಳೆದುಕೊಂಡ ಪಕ್ಷ ಜನತಾ ಪಕ್ಷದ ಆಸರೆ ಪಡೆಯಿತು. 1983ರಲ್ಲಿ ಈ ಕೂಟ 224ರಲ್ಲಿ 95 ಸ್ಥಾನ ಗಳಿಸಿ ರಾಮಕೃಷ್ಣ ಹೆಗಡೆಯವರ ಸರ್ಕಾರ ರಚನೆಯಾಯಿತು. ಬಂಗಾರಪ್ಪ ಮುನಿದು ಕೊನೆಗೆ ಕಾಂಗ್ರೆಸ್ಸಿಗೆ ಮರಳಿದರು. ನಜೀರ್ ಸಾಬ್ ಜನತಾ ಪಕ್ಷದಲ್ಲೇ ಉಳಿದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದರು.

ಹೀಗೆ ಉಳಿದದ್ದನ್ನು ಕೇವಲ ಅಧಿಕಾರದ ಆಯ್ಕೆಯೆನ್ನುವುದು ಅವಸರದ ತೀರ್ಮಾನವಾದೀತು. ಅರಸು ಭೂಸುಧಾರಣೆಯನ್ನು ನಡೆಸಿದ್ದು ಸರ್ಕಾರವೇ ನೇಮಿಸಿದ ನ್ಯಾಯಮಂಡಳಿಗಳ ಮೂಲಕ. ಹಿಂದುಳಿದವರಿಗೆ ಪಾಲು ಮೇಲಿನಿಂದ ಬರುತ್ತಿತ್ತು. ನಜೀರ್ ಸಾಬ್ ಆ ಪಾಲನ್ನು ಚುನಾವಣೆಯ ಹಕ್ಕಾಗಿ ಮಾರ್ಪಡಿಸಲು ಹೊರಟರು. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಸೂಚಿಸಿದ್ದ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳ ಕಲ್ಪನೆ 1983ರ ಕಾಯ್ದೆಯಾಯಿತು. ರಾಷ್ಟ್ರಪತಿಗಳ ಅಂಕಿತಕ್ಕೆ 1985ರವರೆಗೆ ಕಾಯಬೇಕಾಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಸಂವಿಧಾನದ 73ನೆಯ ತಿದ್ದುಪಡಿಗೆ ಐದಾರು ವರ್ಷ ಮೊದಲೇ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಾಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆತು, ಜಿಲ್ಲಾಧಿಕಾರಿಗಿಂತ ಹಿರಿಯರಾದ ಅಧಿಕಾರಿ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾದರು. ಹಳೆಯ ಆಡಳಿತಶಾಹಿಗೆ ಇದು ಸುಲಭವಾಗಿ ಜೀರ್ಣವಾಗುವ ಸಂಗತಿಯಾಗಿರಲಿಲ್ಲ.

ಜನ ನೆನಪಿಟ್ಟದ್ದು ಮಾತ್ರ ಕೊಳವೆಬಾವಿಗಳನ್ನು. ಬರದ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಕುಡಿಯುವ ನೀರು ತಲುಪಿಸಿದ ಸಚಿವರಿಗೆ ನೀರ್ ಸಾಬ್ ಎಂಬ ಹೆಸರು ಅಂಟಿತು. ಆ ಪ್ರೀತಿಯ ಹೆಸರೇ ಶಾಸನಕಾರ ನಜೀರ್ ಸಾಬ್ ಅವರನ್ನು ಸ್ವಲ್ಪಮಟ್ಟಿಗೆ ಮರೆಮಾಡಿತೆನ್ನಬೇಕು.

1988ರಲ್ಲಿ ಹೆಗಡೆ ರಾಜೀನಾಮೆಯಿತ್ತರು, ಜನತಾ ಪಕ್ಷ ಜನತಾದಳದಲ್ಲಿ ಲೀನವಾಯಿತು. ಅದೇ ವರ್ಷ ನಜೀರ್ ಸಾಬ್ ಕ್ಯಾನ್ಸರಿನಿಂದ ನಿಧನರಾದರು. 1989ರಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಮರಳಿತು. 1992ರಲ್ಲಿ ಮಂಡಲ ಪಂಚಾಯಿತಿಗಳ ಅವಧಿ ಮುಗಿದಾಗ ಮರುಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕುಳಿತರು. ಆಗ ಮುಖ್ಯಮಂತ್ರಿಯಾಗಿದ್ದವರು ಕ್ರಾಂತಿರಂಗದ ಹಳೆಯ ಸಂಗಾತಿ ಬಂಗಾರಪ್ಪನವರೇ.